ವಾವಸಿ ಕಾಯುತ್ತಿದ್ದ ಎರಡು ಗೂಡುಗಳು

ಚಿಕ್ಕಂದಿನಿಂದ ವುರಿಯಾ ಗುಡ್ಡದಲ್ಲಿ ಸೌದೆ ಕಡಿದು ಹೊತ್ತವಳು ವಾವಸಿ. ನಾಲ್ಕು ವರ್ಷದ ಹಿಂದೆ ಹಕ್ಕಿ ಎಣಿಸಲು ಬಂದವರು, ಅವಳು ಆಗಷ್ಟೇ ಕಡಿದುರುಳಿಸಿದ ಪೊದೆಯಲ್ಲಿ ಮುಷ್ಟಿಗಿಂತ ಚಿಕ್ಕ ಗೂಡೊಂದನ್ನು ತೋರಿಸಿದರು. ಮೊಟ್ಟೆಗಳು ಒಡೆದುಹೋಗಿದ್ದವು. ಗೂಡು ಕಟ್ಟಿದ್ದ ಈ ಬೂದು ಹಾಡುಹಕ್ಕಿ ವುರಿಯಾ ಸೇರಿದ ಟೈಟಾ ಗುಡ್ಡಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲವೆಂದೂ ಹೇಳಿದರು. ವಾವಸಿ ಅವರ ಜೊತೆ ಗೂಡು ಕಾಯುವ ಕೆಲಸಕ್ಕೆ ಸೇರಿಕೊಂಡಳು.

ಈ ವರ್ಷದ ಫೆಬ್ರವರಿಯಲ್ಲಿ ಅವಳ ಪಾಲಿಗೆ ಎರಡೇ ಗೂಡು, ಗುಡ್ಡದ ಮೇಲೊಂದು, ಕೆಳಗೊಂದು. ಒಂದು ಮಧ್ಯಾಹ್ನ ಮೇಲಿನ ಗೂಡಿನ ತಾಯಿಹಕ್ಕಿ ಇದ್ದಕ್ಕಿದ್ದಂತೆ ಕಿರುಚತೊಡಗಿತು. ಹಾವಿರಬೇಕೆಂದು ಹುಡುಕುತ್ತಿದ್ದವಳ ಮೂಗಿಗೆ ಹೊಗೆ ಬಡಿಯಿತು.

ಬಿದ್ದೆದ್ದು ಇಳಿದರೆ, ಜೇನು ಕಟ್ಟಿದ್ದ ಪೊಟರೆಯ ಮರವೊಂದರಡಿ ಗಂಡನ ಅಣ್ಣ ಮ್ವಡೀಮೆ ನಿಂತಿದ್ದ. ಜೇನು ಓಡಿಸಲು ಹಚ್ಚಿದ ಪಂಜು ಕೈಜಾರಿ ಒಣಹುಲ್ಲು ಹೊತ್ತಿಕೊಂಡಿತ್ತು.

“ಅಯ್ಯೋ, ಏನ್ಮಾಡಿದ್ರಿ ಭಾವ!”

“ಬೈಯೋದು ಆಮೇಲೆ. ಸೊಪ್ಪು ಮುರ್ಕೊಂಡು ಬಡಿಯೇ!”

ಇಬ್ಬರೂ ಬಡಿದರು. ಗಾಳಿ ತಿರುಗಿತು. ಕೆಳಗಿನ ಗೂಡಿದ್ದ ಪೊದೆಗಳು ಒಂದೊಂದಾಗಿ ಚಟಪಟ ಸಿಡಿದವು. ಉರಿ ಹತ್ತಿರ ಬಂದರೂ ವಾವಸಿ ನಿಂತಲ್ಲೇ ನಿಂತಳು. ಮ್ವಡೀಮೆ ರಟ್ಟೆ ಹಿಡಿದು ತೊರೆಯವರೆಗೆ ಎಳೆದು ತಂದ. ಊರವರು ಗುದ್ದಲಿ ಹಿಡಿದು ಬಂದು, ನೆಲ ಕೆರೆದು, ಸಂಜೆಯೊಳಗೆ ಬೆಂಕಿಯನ್ನು ಕಟ್ಟಿಹಾಕಿದರು.

“ಸಿಡಿಲು ಬಡೀತು ಅನ್ನು. ನನ್ನ ಹೆಸರು ಬಾಯಿಗೆ ಬಂತೋ, ಎರಡು ಮನೆಗೂ ಮಾತಿರಲ್ಲ,” ಎಂದ ಮ್ವಡೀಮೆ.

“ಮೋಡಾನೇ ಇಲ್ಲ, ಸಿಡಿಲೆಲ್ಲಿಂದ ತರ್ಲಿ ಭಾವ?”

ಅವನು ನಗಲಿಲ್ಲ. ಜೀವ ಉಳಿಸಿದವನ ಮುಖ ನೋಡಲು ಅವಳಿಗೆ ಬೆಂಕಿಗಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಊರ ಸಭೆಯಲ್ಲಿ ಬೆಂಕಿ ಹೇಗೆ ಬಿತ್ತೆಂದು ಮುಖಂಡರು ಅವಳನ್ನೇ ಕೇಳಿದರು. ಸುಮ್ಮನಿದ್ದರೆ ಮುಂದಿನ ಬೇಸಿಗೆಗೂ ಪಂಜುಗಳು ಕಾಡು ಹತ್ತುತ್ತವೆ. ಉಳಿದಿರುವುದೋ ಒಂದೇ ಗೂಡು.

“ಜೇನು ಕೀಳಕ್ಕೆ ಹೋದೋರು ನಮ್ಮ ಭಾವ,” ಎಂದಳು ವಾವಸಿ. “ಬೇಕಂತ ಮಾಡಿದ್ದಲ್ಲ. ನನ್ನ ಎಳ್ಕೊಂಡು ಬಂದು ಬದುಕಿಸಿದ್ದೂ ಅವ್ರೇ.”

ಕಾಡಿಗೆ ಪಂಜು ಒಯ್ಯಬಾರದೆಂದು ತೀರ್ಮಾನವಾಯಿತು. ಬೇಸಿಗೆ ಮುಗಿಯುವವರೆಗೆ ಕಾಡಂಚಿನ ಒಣಹುಲ್ಲು ಸವರುವುದು ಮ್ವಡೀಮೆಯ ಪಾಲಿಗೆ ಬಂತು. ಅಂದಿನಿಂದ ಅವನ ಮನೆಯಿಂದ ಮರಗೆಣಸು, ಹುರುಳಿಕಾಯಿ ಬೀಜ ಕಲಸಿದ ಕಿಮಂಗಾ ಬರುವುದು ನಿಂತಿತು. ದಾರಿಯಲ್ಲಿ ಓರಗಿತ್ತಿ ಎದುರಾದರೆ ಮುಖ ತಿರುಗಿಸುತ್ತಿದ್ದಳು.

ವಾವಸಿ ದಿನವೂ ಗುಡ್ಡ ಹತ್ತಿದಳು. ಗೂಡು ಕಾಣುವ ತಿರುವಿನಲ್ಲಿ ಕಣ್ಣುಮುಚ್ಚಿ, ಉಸಿರು ಬಿಗಿಹಿಡಿದು ಮರಿಗಳ ದನಿಗೆ ಕಿವಿಗೊಡುತ್ತಿದ್ದಳು. ಹತ್ತನೆಯ ದಿನ ಗೂಡು ಬರಿದಾಗಿತ್ತು. ಅವಳು ಸುತ್ತಲ ಪೊದೆಗಳಲ್ಲಿ ಹುಡುಕಿದಳು. ಆಮೇಲೆ, ಪಕ್ಕದ ಕೊಂಬೆಯ ಮೇಲೆ ಬಾಲವೇ ಸರಿಯಾಗಿ ಬಾರದ ಎರಡು ಮರಿಗಳು ಒಂದಕ್ಕೊಂದು ಆತುಕೊಂಡು ಕೂತಿದ್ದುದು ಕಂಡಿತು.