ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಆ ಎರಡನೆಯ ಬ್ರೇಕಿನ ಮುಂದೆ ಕೂತೇ ಅರ್ಧ ಆಯಸ್ಸು ಕಳೆದವಳು ಅವಳು. ಮದುವೆಯಾದ ಹೊಸತರಲ್ಲಿ ತಮ್ಮನ ಜೊತೆ ಸೇರಿ ಡ್ರೈವಿಂಗ್ ಸ್ಕೂಲ್ ತೆರೆದವಳು, ಅಮ್ಮಂದಿರಿಗೆ ಕಲಿಸಿ, ಆಮೇಲೆ ಅವರ ಮಕ್ಕಳಿಗೂ ಕಲಿಸಿದಳು. ಹೆತ್ತವರು ಇಟ್ಟ ಹೆಸರು ಯಾರ ನಾಲಿಗೆಯ ಮೇಲೂ ಉಳಿಯಲಿಲ್ಲ. ಎಲ್ಲರಿಗೂ ಅವಳು ಬ್ರೇಕಕ್ಕ.

ಅವಳು ಪಾದವನ್ನು ಬ್ರೇಕಿನ ಮೇಲೆ ಇಡುತ್ತಿದ್ದಳು ಎಂದರೆ ತಪ್ಪಾಗುತ್ತದೆ. ಮೇಲಿಟ್ಟರೆ ಕಲಿಯುವವರಿಗೆ ಅದು ಗೊತ್ತಾಗಿ, ಹೇಗೂ ಬ್ರೇಕಕ್ಕ ಇದ್ದಾಳೆ ಎಂದು ಅವರ ಕಾಲು ಸೋಮಾರಿಯಾಗುತ್ತದೆ. ನೆಲದ ಮೇಲಿಟ್ಟರೆ ಬೇಕಾದಾಗ ತಡವಾಗುತ್ತದೆ. ಅದಕ್ಕೇ ಅವಳು ಬಲಗಾಲನ್ನು ಪೆಡಲಿಗಿಂತ ಬೆರಳಗಲ ಮೇಲೆ, ಬರೀ ಗಾಳಿಯಲ್ಲಿ ಹಿಡಿದಿರುತ್ತಿದ್ದಳು. ದಾರಿ ಮುಗಿಯುವವರೆಗೂ ಹಾಗೆಯೇ. ಈ ಅಭ್ಯಾಸ ಬಸ್ಸಿನಲ್ಲೂ ಬಿಡಲಿಲ್ಲ, ಮನೆಯಲ್ಲೂ ಬಿಡಲಿಲ್ಲ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಗಂಡ, ತಾನು ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ ಮೇಜಿನಡಿ ಇವಳ ಕಾಲು ಬ್ರೇಕ್ ಒತ್ತುತ್ತದೆ ಎಂದು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಬಲ ಸೊಂಟದ ಕೀಲು ಸವೆದುಹೋದಾಗ ಆಪರೇಷನ್ ಮಾಡಿ ಹೊಸ ಕೀಲು ಹಾಕಿದರು. ಮೊದಮೊದಲು ಎಲ್ಲ ಹೂವೆತ್ತಿದ ಹಾಗಿತ್ತು. ಕೋಲು ಬಿಟ್ಟಳು, ಸಂತೆಗೆ ಹೋಗಿ ಬಂದಳು. ಇನ್ನೇನು ಕಾರು ಹತ್ತಬೇಕು ಎನ್ನುವಷ್ಟರಲ್ಲಿ ಬೇರೊಂದು ನೋವು ಶುರುವಾಯಿತು. ಸಮನೆಲದಲ್ಲಿ ನಡೆದರೆ ಏನೂ ಇಲ್ಲ. ಕಾಲೆತ್ತಬೇಕಾದಲ್ಲೆಲ್ಲ ತೊಡೆಸಂದಿನಲ್ಲಿ ಚಳಕ್ ಎನ್ನುತ್ತಿತ್ತು. ಮೆಟ್ಟಿಲು ಹತ್ತುವಾಗ, ಮಂಚದ ಮೇಲೆ ಕಾಲು ತೆಗೆದಿಡುವಾಗ, ಎಲ್ಲಕ್ಕಿಂತ ಹೆಚ್ಚಾಗಿ ಕಾರಿನೊಳಗೆ ಕಾಲಿಡುವಾಗ. ಮೊಣಕಾಲ ಹತ್ತಿರದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಮೂಟೆ ಎತ್ತುವವರಂತೆ ತನ್ನ ಕಾಲನ್ನು ತಾನೇ ಎತ್ತಿ ಒಳಗಿಡಬೇಕಿತ್ತು. ಇನ್ನು ಗಾಳಿಯಲ್ಲಿ ಹಿಡಿಯುವ ಮಾತೆಲ್ಲಿ ಬಂತು.

ಹಾಗಾಗಿ ಅವಳು ಸ್ಕೂಲಿನ ಮುಂದಿನ ಕೋಣೆಯಲ್ಲಿ ಮೇಜಿನ ಹಿಂದೆ ಕೂತಳು. ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ರಸ್ತೆ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಆಟದ ಕಾರುಗಳು. ಬಂದವರಿಗೆ ಯಾರು ಯಾರಿಗೆ ದಾರಿ ಬಿಡಬೇಕೆಂದು ಅವನ್ನೇ ತಳ್ಳಿ ತೋರಿಸುತ್ತಿದ್ದಳು. ತಮ್ಮ ಹೊರಗೆ ಗಾಡಿ ಶುರು ಮಾಡಿಸಿದರೆ ಇವಳ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಗಾಡಿ ತಿರುವು ದಾಟುವವರೆಗೂ ಕಿವಿ ಅದರ ಹಿಂದೆಯೇ ಹೋಗುತ್ತಿತ್ತು. ಎರಡನೇ ಗೇರಿಗೆ ಇನ್ನೂ ಹಾಕಿಸಿಲ್ಲ, ಎಂಜಿನ್ ಅಳುತ್ತಿದೆ ಎಂದು ಗೊಣಗಿ, ಎದುರಿಗಿದ್ದವರ ಮುಖ ನೋಡಿ ಮತ್ತೆ ಆಟದ ಕಾರಿಗೆ ಬರುತ್ತಿದ್ದಳು. ಬಿಸಿಲಿಗೆ ಕಾದ ರಬ್ಬರ್ ಮ್ಯಾಟಿನ ವಾಸನೆ ಅವಳಿಗೆ ಬೇಕಿತ್ತು. ಗಾಡಿ ಮೊದಲ ಸಲ ಮಾತು ಕೇಳಿದಾಗ ಕಲಿಯುವವರು ಉಸಿರು ಬಿಗಿಹಿಡಿದು, ಸ್ವಲ್ಪ ದೂರ ಹೋಗಿ, ಹಾ ಎಂದು ಬಿಡುತ್ತಾರಲ್ಲ, ಆ ಉಸಿರು ಬೇಕಿತ್ತು. ಅದು ಪಕ್ಕದ ಸೀಟಿನಲ್ಲಿ ಕೂತವರಿಗೆ ಮಾತ್ರ ಕೇಳಿಸುವಂಥದ್ದು.

ಮಾತ್ರೆ, ವ್ಯಾಯಾಮ ಎರಡೂ ಆದವು. ರಕ್ತ ಪರೀಕ್ಷೆ, ಎಕ್ಸ್‌ರೇ ಮಾಡಿ ಕೀಲು ಸಡಿಲವಾಗಿಲ್ಲ, ಕೀವೂ ಆಗಿಲ್ಲ ಎಂದರು. ಕೊನೆಗೆ ಸ್ಕ್ಯಾನ್ ನೋಡಿ ಡಾಕ್ಟರು ಕಾರಣ ಹೇಳಿದರು. ಹೊಸ ಕೀಲಿನಲ್ಲಿ ತೊಡೆಮೂಳೆಯ ಗುಂಡು ಕೂರುವ ಬಟ್ಟಲಿದೆಯಲ್ಲ, ಅದರ ಮುಂದಂಚು ಒಂಚೂರು ಹೊರಗೆ ಬಂದಿದೆ. ತೊಡೆಯನ್ನು ಮೇಲಕ್ಕೆಳೆಯುವ ಸ್ನಾಯುವಿನ ಹುರಿ ಅದರ ಮೇಲೆಯೇ ಹಾದುಹೋಗುತ್ತದೆ. ಬಾವಿಯ ಅಂಚಿಗೆ ಹಗ್ಗ ಉಜ್ಜಿದಂತೆ ಕಾಲೆತ್ತಿದಾಗಲೆಲ್ಲ ಉಜ್ಜುತ್ತಿದೆ. ನೋವು ಅಲ್ಲಿಂದಲೇ ಬರುತ್ತಿದೆಯೋ ಎಂದು ಖಾತ್ರಿ ಮಾಡಿಕೊಳ್ಳಲು ಆ ಜಾಗಕ್ಕೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಟ್ಟರು.

ಆ ಮಧ್ಯಾಹ್ನವನ್ನು ಅವಳು ಮರೆಯಲಿಲ್ಲ. ಮನೆಗೆ ಕರೆದೊಯ್ಯಲು ಸ್ಕೂಲಿನ ಕಾರನ್ನೇ ತಮ್ಮ ತಂದಿದ್ದ. ಗಂಡ ಹಿಂದೆ ಕೂತ. ಅವಳು ಪಕ್ಕದ ಸೀಟಿಗೆ ಬಂದು, ರೂಢಿಯಂತೆ ಬಟ್ಟೆ ಹಿಡಿಯಲು ಕೈ ತಂದಳು. ಅಷ್ಟರಲ್ಲಿ ಕಾಲು ತಾನಾಗಿಯೇ ಒಳಗೆ ಬಂದಿತ್ತು. ಗಾಡಿ ಹೊರಟ ಮೇಲೆ ಪಾದ ಯಾರನ್ನೂ ಕೇಳದೆ ಮೇಲೆದ್ದು, ಪೆಡಲಿಗಿಂತ ಬೆರಳಗಲ ಮೇಲೆ ನಿಂತಿತು. ನೋವಿಲ್ಲ. ಅವಳು ಅದನ್ನೇ ನೋಡುತ್ತ ಕೂತಳು, ಬಹಳ ದಿನ ಊರಲ್ಲಿಲ್ಲದ ನೆಂಟರನ್ನು ನೋಡುವ ಹಾಗೆ. ಮನೆಯ ತಿರುವು ಬಂದಾಗ ಇನ್ನೊಂದು ಸುತ್ತು ಹೋಗೋಣ ಎಂದಳು. ಅದು ಮುಗಿದ ಮೇಲೆ ಮತ್ತೊಂದು. ತಮ್ಮ ಏನೂ ಕೇಳದೆ ಓಡಿಸಿದ. ಸಂಜೆಗೆ ಔಷಧಿಯ ಶಕ್ತಿ ಇಳಿದು ನೋವು ತನ್ನ ಜಾಗಕ್ಕೆ ಬಂದು ಕೂತಿತು.

ಕಾರಣವೇನೋ ಖಾತ್ರಿಯಾಯಿತು. ಮುಂದಿನ ಸಲ ಹೋದಾಗ ಡಾಕ್ಟರು ದಾರಿಗಳನ್ನು ಬಿಡಿಸಿ ಹೇಳಿದರು. ಹೀಗೇ ಸಹಿಸಿಕೊಂಡು ಇರಬಹುದು. ಬಟ್ಟಲನ್ನೇ ಬದಲಾಯಿಸಬಹುದು, ಆದರೆ ಅದು ದೊಡ್ಡ ಆಪರೇಷನ್. ಅಂಚು ಇಷ್ಟು ಕಡಿಮೆ ಹೊರಬಂದಿರುವಾಗ ಮೊದಲು ಅದಕ್ಕೆ ಕೈ ಹಾಕುವುದು ಬೇಡ. ಇಲ್ಲವೇ ಉಜ್ಜುತ್ತಿರುವ ಹುರಿಯನ್ನು ಕತ್ತರಿಸಿ ಬಿಡಿಸಬಹುದು. ಇದು ಸಣ್ಣದು, ಬಹಳ ಜನರಿಗೆ ನೋವು ಕಡಿಮೆಯಾಗುತ್ತದೆ, ಎಲ್ಲರಿಗೂ ಆಗುತ್ತದೆಂದು ಮಾತು ಕೊಡಲಾಗದು. ಇಷ್ಟು ಹೇಳಿ, ಕಾಲೆತ್ತುವ ಬಲ ಕುಗ್ಗುತ್ತದೆ ಎಂದರು. ಪಕ್ಕದ ಸ್ನಾಯುಗಳು ನಿಧಾನವಾಗಿ ಆ ಕೆಲಸ ವಹಿಸಿಕೊಳ್ಳುತ್ತವೆ. ನಡೆಯಲು ತೊಂದರೆಯಾಗದು. ಆದರೆ ಕೂತಲ್ಲಿಂದ ತೊಡೆ ಎತ್ತುವುದರಲ್ಲಿ ಸ್ವಲ್ಪ ಕೊರತೆ ಉಳಿದರೂ ಉಳಿಯಬಹುದು.

"ಕೂತ್ಕೊಂಡು ಪಾದಾನ ಗಾಳೀಲಿ ಹಿಡಿಯೋಕೆ ಆಗುತ್ತಾ ಡಾಕ್ಟ್ರೇ?" ಎಂದು ಕೇಳಿದಳು.

"ಹಾಗೆ ಯಾರಮ್ಮ ಹಿಡೀತಾರೆ?"

"ನಾನು," ಎಂದಳು.

ಡಾಕ್ಟರಿಗೆ ನಗು ಬಂತು. ಅವಳ ಮುಖ ನೋಡಿ ನಗು ನಿಲ್ಲಿಸಿ, ಆತುರವೇನಿಲ್ಲ, ಯೋಚಿಸಿ ಬನ್ನಿ ಎಂದರು.

ಅವಳು ಯೋಚಿಸಿದಳು. ಯೋಚಿಸಿದಷ್ಟೂ ಗಂಟು ಬಿಗಿಯಾಯಿತು. ಪಕ್ಕದ ಸೀಟಿಗೆ ಹೋಗಲು ನೋವು ಹೋಗಬೇಕು. ನೋವು ಹೋಗಬೇಕೆಂದರೆ, ಆ ಸೀಟಿನಲ್ಲಿ ಕೂತು ಮಾಡುವ ಒಂದೇ ಒಂದು ಕೆಲಸಕ್ಕೆ ಬೇಕಾದ ಹುರಿಯನ್ನೇ ಕತ್ತರಿಸಬೇಕು. ಗಂಡನಿಗಂತೂ ಮನಸ್ಸೇ ಇರಲಿಲ್ಲ. "ಹೊಲಿಗೆ ಕತ್ತರಿಸಿದ ಮೇಲೆ ಹಾಳೆ ನಿಲ್ಲುತ್ತೇನೇ?" ಎಂದು ಕೇಳಿದ. ಒಂದು ಸಲ ಕೊಯ್ಯಿಸಿಕೊಂಡಿದ್ದು ಸಾಲದೇ, ನಡೆಯಲು ಬರುತ್ತದಲ್ಲ, ಅಷ್ಟಕ್ಕೆ ಸಮಾಧಾನ ಪಟ್ಟುಕೋ ಎನ್ನುವುದು ಅವನ ವಾದ. ತಮ್ಮ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನಿಗೆ ಅಕ್ಕ ವಾಪಸು ಬೇಕಿತ್ತು. ಆದರೆ ಬಾಯಿ ಬಿಟ್ಟರೆ ಅದೇ ಒತ್ತಾಯವಾದೀತೆಂಬ ಅಳುಕು. ಅವಳು ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಲೇ ಬಂದಳು. ಇರುವ ಬಲ ಇರಲಿ ಎಂದು ಕಾಪಾಡಿಕೊಂಡು ಕೂತಳು.

ಆಗ ಬಂದವರು ಸಂಗೀತದ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವವರು, ತಲೆ ನರೆತ ಮೇಲೆ ಗಾಡಿ ಕಲಿಯಲು ಹೊರಟಿದ್ದರು. ಲೈಸೆನ್ಸಿನ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದರು. ನಿಂತ ಲಾರಿಗೂ ಕ್ಷಮಿಸಿ ಎನ್ನುವಷ್ಟು ಮೆದು ಮನುಷ್ಯ. ಮೂರನೇ ಪರೀಕ್ಷೆಯ ಹಿಂದಿನ ದಿನ ತಮ್ಮ ಜ್ವರ ಬಂದು ಮಲಗಿದ. ಮೇಷ್ಟ್ರು ಮೇಜಿನ ಮುಂದೆ ನಿಂತು, ಒಂದೇ ಸುತ್ತು ಸಾಕು ಅಕ್ಕ, ಇವತ್ತು ಕೈ ಆಡಿಸದಿದ್ದರೆ ನಾಳೆ ಖಂಡಿತ ಹೋಯಿತು ಎಂದು ಬೇಡಿಕೊಂಡರು.

ಆಗುವುದಿಲ್ಲ ಎಂದೇ ಹೇಳಬೇಕಿತ್ತು. ಗೋಡೆಯ ಮೊಳೆಗೆ ನೇತುಹಾಕಿದ ಕಾರಿನ ಕೀಲಿಯ ಕಡೆ ನೋಡಿದಳು. ಆಮೇಲೆ ಬಾಯಿಂದ ಬಂದ ಮಾತು ಬೇರೆಯೇ ಆಗಿತ್ತು. "ನಡೀರಿ," ಎಂದುಬಿಟ್ಟಳು.

ಬಟ್ಟೆ ಹಿಡಿದೆಳೆದು ಕಾಲನ್ನು ಒಳಗಿಟ್ಟಳು. ರಬ್ಬರ್ ಮ್ಯಾಟಿನ ವಾಸನೆ ಹಾಗೆಯೇ ಇತ್ತು. ಮೇಷ್ಟ್ರು ಭಯಕ್ಕೆ ಮೂಗಿನಲ್ಲೇ ರಾಗ ಎಳೆಯುತ್ತ ಗಾಡಿ ಓಡಿಸಿದರು. ವೇಗ ಏರಿದ ಹಾಗೆ ರಾಗವೂ ಏರುತ್ತಿತ್ತು.

"ಮೇಷ್ಟ್ರೇ, ಒಂದು ಸ್ವರ ಇಳಿಸಿ," ಎಂದಳು. ಅವರು ಸ್ವರ ಇಳಿಸಿದರು, ಗಾಡಿಯೂ ನಿಧಾನವಾಯಿತು. ಅವಳಿಗೆ ಎಷ್ಟೋ ದಿನದ ಮೇಲೆ ಮೈಯೆಲ್ಲ ಹಗುರವಾಯಿತು. ಪಾದ ಮಾತ್ರ ಗಾಳಿಯಲ್ಲಿರಲಿಲ್ಲ. ಎರಡು ಸಲ ಎತ್ತಿ ನೋಡಿ, ನೋವು ತಡೆಯದೆ ನೆಲಕ್ಕೆ ಇಳಿಸಿದ್ದಳು. ಬೇಕಾದಾಗ ಎದ್ದೀತು ಎಂದುಕೊಂಡಿದ್ದಳು.

ಹಾಸಿಗೆ ಅಂಗಡಿಯ ಪಕ್ಕದ ಓಣಿಯಿಂದ ವ್ಯಾನೊಂದು ಹಿಂದುಮುಂದು ನೋಡದೆ ರಿವರ್ಸ್‌ನಲ್ಲಿ ರಸ್ತೆಗೆ ಬಂತು. ಅವಳು ಕಾಲನ್ನು ಕರೆದಳು. ತೊಡೆಸಂದಿನಲ್ಲಿ ಚಾಕು ಆಡಿಸಿದಂತಾಯಿತು, ಪಾದ ಏಳಲಿಲ್ಲ. ಕೈ ಮೊಣಕಾಲಿನ ಬಟ್ಟೆಗೆ ಹೋಯಿತು. ಅಷ್ಟರಲ್ಲಿ ಗಾಡಿ ನಿಂತಿತ್ತು. ವ್ಯಾನಿಗೂ ಇವರಿಗೂ ನಡುವೆ ಒಬ್ಬ ಮನುಷ್ಯ ನಡೆದುಹೋಗುವಷ್ಟು ಜಾಗವಿತ್ತು. ನಿಲ್ಲಿಸಿದವರು ಮೇಷ್ಟ್ರು.

ಅವರು ಸ್ಟೀರಿಂಗ್ ಹಿಡಿದುಕೊಂಡೇ ತಿರುಗಿದರು. ಕಣ್ಣಂಚಿನಲ್ಲಿ ನೀರಿತ್ತು. "ನೀವು ಕಾಲು ಆಡಿಸ್ಲೇ ಇಲ್ಲ ಅಲ್ವಾ ಅಕ್ಕ? ನಾನೇ ನಿಲ್ಲಿಸ್ತೀನಿ ಅಂತ ಬಿಟ್ರಿ. ಇಷ್ಟು ನಂಬಿದೋರು ನೀವೊಬ್ರೇ."

ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಮರುದಿನ ಅವರಿಗೆ ಪರೀಕ್ಷೆಯಿತ್ತು. ಗಾಡಿ ತಿರುಗಿಸಿ, ಸ್ಕೂಲಿಗೆ ಹೋಗೋಣ ಎಂದಷ್ಟೇ ಹೇಳಿದಳು.

ಮನೆಗೆ ಬಂದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪಾದವನ್ನು ಎತ್ತಿ ನೋಡಿದಳು. ಮೇಲೆ ಬಂತು, ಚುಚ್ಚಿತು, ಬಿತ್ತು. ಇಷ್ಟು ದಿನ ತಕ್ಕಡಿಯ ಒಂದು ತಟ್ಟೆಯಲ್ಲಿ ಹಳೆಯ ಕಾಲನ್ನೂ ಇನ್ನೊಂದರಲ್ಲಿ ಬಲ ಕುಗ್ಗಿದ ಕಾಲನ್ನೂ ಇಟ್ಟು ತೂಗುತ್ತ ಕೂತಿದ್ದಳು. ಈಗ ನೋಡಿದರೆ ಹಳೆಯ ಕಾಲು ಯಾವ ತಟ್ಟೆಯಲ್ಲೂ ಇರಲಿಲ್ಲ. ಕತ್ತರಿಗೆ ಸಿಗದಿರಲಿ ಎಂದು ಅವಳು ಕಾಪಾಡಿಕೊಂಡಿದ್ದ ಬಲವನ್ನು ನೋವು ಯಾವತ್ತೋ ಕೊಂಡೊಯ್ದಿತ್ತು.

ಗಂಡ ಕೆಲಸದಿಂದ ಬಂದಾಗ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಬೆರಳಿಗಂಟಿದ ಗೋಂದನ್ನು ಕೆರೆಯುತ್ತ ಕೇಳಿಸಿಕೊಂಡ.

"ಯಾಕೆ ಹೋದೆ?"

"ಆಸೆ ತಡೆಯೋಕೆ ಆಗ್ಲಿಲ್ಲ ಕಣ್ರೀ."

ಅವನು ಬೈಯಬಹುದಿತ್ತು, ಬೈಯಲಿಲ್ಲ. ಹೊಲಿಗೆ, ಹಾಳೆ ಯಾವ ಮಾತನ್ನೂ ಎತ್ತಲಿಲ್ಲ. ಆಪರೇಷನ್ ಆದಾಗ ಪ್ರೆಸ್ಸಿಗೆ ಎಷ್ಟು ದಿನ ರಜೆ ಹಾಕಬೇಕಾಗುತ್ತದೆ ಎಂದು ಮಾತ್ರ ಕೇಳಿದ.

ಮೇಷ್ಟ್ರು ಪಾಸಾದರು. ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಬಂದು, ಎದುರಿಗಿದ್ದ ಹೊಸ ಕಲಿಯುವವರಿಗೆಲ್ಲ ಬ್ರೇಕಕ್ಕ ತಮ್ಮನ್ನು ನಂಬಿದ ಕಥೆ ಹೇಳತೊಡಗಿದರು. ಅವಳು ಅವರನ್ನು ಹೊರಗಿನ ಮೆಟ್ಟಿಲ ಹತ್ತಿರ ಕರೆದಳು.

"ನಂಬಿದ್ದಲ್ಲ ಮೇಷ್ಟ್ರೇ. ಕಾಲು ಏಳಲಿಲ್ಲ. ನಾನು ಬರಲೇಬಾರದಿತ್ತು."

ಮೇಷ್ಟ್ರ ಮುಖ ಬಿಳಿಚಿತು. ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ಹಾಗಾದ್ರೆ ಗಾಡೀಲಿ ನಾನೊಬ್ನೇ ಇದ್ದೆ ಅನ್ನಿ."

"ಹೌದು. ಒಬ್ರೇ ಇದ್ರಿ. ಚೆನ್ನಾಗಿ ನಿಲ್ಲಿಸಿದ್ರಿ."

ಅವರು ತಲೆಯಾಡಿಸಿ, ಬುಟ್ಟಿ ಕೊಟ್ಟು, ಯಾವ ರಾಗವನ್ನೂ ಎಳೆಯದೆ ಹೋದರು.

ತಮ್ಮನಿಗೂ ಹೇಳಿದಳು. ಹೇಳಿ, ಒಂದು ಕಟ್ಟಳೆ ಮಾಡಿದಳು. ಆಪರೇಷನ್ ಆದ ಮೇಲೆ, ಖಾಲಿ ಮೈದಾನದಲ್ಲಿ ನೀನು ಗಾಡಿ ಓಡಿಸುವಾಗ ನನ್ನ ಪಾದ ಒಂದು ಸಲವೂ ಕೆಳಗಿಳಿಯದೆ ನಿಲ್ಲಬೇಕು. ಅಲ್ಲಿಯವರೆಗೆ ಕಲಿಯುವವರ ಪಕ್ಕ ನನ್ನನ್ನು ಕೂರಿಸಬೇಡ, ನಾನೇ ಕೇಳಿದರೂ ಕೂರಿಸಬೇಡ.

"ನೀನು ಕೇಳಿದ್ರೆ ಇಲ್ಲ ಅನ್ನೋಕೆ ನಂಗೆ ಬರಲ್ಲ ಅಕ್ಕ."

"ಕಲಿತ್ಕೋ. ಕಲಿಸೋದೇ ಅಲ್ವೇನೋ ನಮ್ಮ ಕೆಲಸ?"

ಗಂಡನ ಜೊತೆ ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಎಲ್ಲವನ್ನೂ ಇನ್ನೊಮ್ಮೆ ನಿಧಾನವಾಗಿ ವಿವರಿಸಿದರು. ಕೊನೆಯಲ್ಲಿ ಪೆನ್ನು ಕೆಳಗಿಟ್ಟು ಕೇಳಿದರು. "ನೋವು ಹೋಯ್ತು, ಆದ್ರೆ ಕಾಲು ಮೊದಲಿನ ಹಾಗೆ ಗಾಳೀಲಿ ನಿಲ್ಲಲಿಲ್ಲ ಅಂತಿಟ್ಕೊಳ್ಳಿ. ಆಗ?"

ಅವಳು ಧೈರ್ಯದ ಮಾತೊಂದನ್ನು ಹುಡುಕಿದಳು, ಸಿಗಲಿಲ್ಲ. "ಬೇಜಾರಾಗುತ್ತೆ," ಎಂದಳು. "ತುಂಬಾ ಬೇಜಾರಾಗುತ್ತೆ. ಆದ್ರೂ ಮಾಡಿ."

ತಮ್ಮ ಹೊರಗೆ ಗಾಡಿ ತಂದು ನಿಲ್ಲಿಸಿ, ರೂಢಿಯಂತೆ ಮುಂದಿನ ಬಾಗಿಲು ತೆರೆದ. ಅವಳು ಅದನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಬಾಗಿಲು ತೆರೆದು, ಬಟ್ಟೆ ಹಿಡಿದು ಕಾಲನ್ನು ಒಳಗಿಟ್ಟು ಗಂಡನ ಪಕ್ಕ ಕೂತಳು. ದಾರಿಯುದ್ದಕ್ಕೂ ಮುಂದಿನ ಸೀಟು ಖಾಲಿಯಿತ್ತು. ಗಂಡ ಏನೇನೋ ಮಾತು ತೆಗೆದ, ಅವಳು ಹೂಂ ಎನ್ನುತ್ತಿದ್ದಳು. ಕಣ್ಣು ಮಾತ್ರ ಆ ಸೀಟಿನ ಮೇಲಿಂದ ಕದಲಲಿಲ್ಲ.