ಹಲಗೆಯ ಮುಂದೆ ಕೂತ ನಾಯಿ

ನಮ್ಮ ಮನೆಯ ನಾಯಿ ಹೇಡಿ ಎನ್ನುವುದು ದೊಡ್ಡಪ್ಪನ ಕತೆ. ಮದುವೆಮನೆಯಲ್ಲಿ ಊಟ ಮುಗಿದು ಎಲೆಯಡಿಕೆಗೆ ಕೈ ಹಾಕುವ ಹೊತ್ತಿಗೆ ಅವರು ಶುರು ಮಾಡುತ್ತಾರೆ: “ಆಲ್ಸೇಷಿಯನ್ ಅಂತ ಹೆಸರಿಗೆ ನೋಡ್ರಿ. ಹರಿಹರದಾಗ ಗೇಣಗಲದ ಹಲಗೆ ಕಂಡು ಗಡಗಡ ನಡುಗಿಬಿಡ್ತು.” ಕೇಳಿದವರು ನಗುತ್ತಾರೆ. ನಡುಗಿದ್ದನ್ನು ಕಂಡವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ನಾನು ಅಲ್ಲೇ ಇದ್ದೆ. ಅದು ನಡುಗಲಿಲ್ಲ, ಬಾಲ ಅಲ್ಲಾಡಿಸುತ್ತಿತ್ತು. ಹೆದರಿದ ನಾಯಿ ಬಾಲವನ್ನು ಎಲ್ಲಿಟ್ಟುಕೊಳ್ಳುತ್ತದೆ ಎಂಬಷ್ಟೂ ತಿಳಿಯದವರು ಅದರ ಧೈರ್ಯದ ಬಗ್ಗೆ ತೀರ್ಪು ಕೊಡುತ್ತಾ ತಿರುಗುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಕೇಬಲ್ ಟೀವಿ ಬಂದಿತ್ತು. ಮಂಡಿಪೇಟೆಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿದ್ದ ದೊಡ್ಡಪ್ಪ ಒಂದು ಮಧ್ಯಾಹ್ನ ಯಾವುದೋ ದೇಶದ ನಾಯಿಗಳು ಕೋಲು ಹಾರಿ, ಕೊಳವೆಯೊಳಗೆ ನುಗ್ಗಿ, ಏಣಿಯಂಥದ್ದನ್ನು ಹತ್ತಿ ಇಳಿಯುವುದನ್ನು ನೋಡಿದರು. ಅಲ್ಲಿಯವರೆಗೆ ಒಂದು ದಿನವೂ ನಾಯಿಯ ತಲೆ ಮುಟ್ಟದವರಿಗೆ ಅಂದಿನಿಂದ ಅದರ ಭವಿಷ್ಯದ ಚಿಂತೆ ಹತ್ತಿತು.

“ಮೂರು ಭಾನುವಾರ ಕೊಡ್ತೀನಿ. ಹಾರೋದು ಕಲೀಲಿಲ್ಲಂದ್ರ ಹರಿಹರದ ಬೇಳೆ ಮಿಲ್ಲಿಗೆ ಬಿಡ್ತೀನಿ. ಕಾವಲಿಗಾದ್ರೂ ಆಗ್ತೈತೆ. ತಿಂದ್ಕಂಡು ಬಿದ್ದಿರಾಕೆ ಇದೇನು ಬೀಗರಾ?”

ಮಿಲ್ಲಿನ ನಾಯಿಗಳನ್ನು ನಾನು ಕಂಡಿದ್ದೆ. ಮೊಳದುದ್ದದ ಸರಪಳಿ, ಮೈತುಂಬ ಹೊಟ್ಟಿನ ದೂಳು. ಸ್ನಾನ ಮಾಡಿಸಿ, ಸಂಜೆ ತಿರುಗಾಡಿಸಿ ಅದನ್ನು ಬೆಳೆಸಿದ್ದು ನಾನು. ಆದರೆ ಮನೆಯಲ್ಲಿ ದೊಡ್ಡಪ್ಪನ ಮಾತೇ ಕೊನೆ. ಅಪ್ಪ ಅಣ್ಣನೆದುರು ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಶೀಲ್ಡುಗಳು ಷೋಕೇಸಿನಲ್ಲಿದ್ದವು. ಮನೆಯ ವಾದದಲ್ಲಿ ಅವುಗಳಿಗೆ ನಯಾಪೈಸೆ ಬೆಲೆ ಇರಲಿಲ್ಲ.

ತರಬೇತುದಾರರು ಹರಿಹರದವರು, ಯಾವುದೋ ಕಾಲದಲ್ಲಿ ಸರ್ಕಾರಿ ನಾಯಿ ನೋಡಿಕೊಂಡಿದ್ದ ನಿವೃತ್ತರು. ಹೊಳೆಯ ಕಡೆಯ ಬಯಲಲ್ಲಿ ಮೊದಲ ಭಾನುವಾರ ಒಂದು ಹಲಗೆಯನ್ನು ನೆಲದ ಮೇಲೆ ಅಡ್ಡ ಇಟ್ಟರು. ಮೊದಲು ನೆಲಕ್ಕಿಟ್ಟು ದಾಟಿಸಬೇಕು, ಆಮೇಲೆ ಒಂದೊಂದೇ ಇಟ್ಟಿಗೆ ಎತ್ತರಿಸಬೇಕು. ಕ್ರಮ ಸರಿಯಾಗಿಯೇ ಇತ್ತು. ನಾಯಿ ಹಲಗೆಯವರೆಗೆ ಓಡಿತು, ನಿಂತಿತು, ಮುಂಗಾಲೆರಡನ್ನೂ ಜೋಡಿಸಿ ಕೂತಿತು. ಎಳೆದರೂ ಕೂತಿತು, ಬಿಸ್ಕತ್ತು ತೋರಿಸಿದರೂ ಕೂತಿತು.

“ಮೊಂಡು ಜಾತಿ,” ಅಂದರು ತರಬೇತುದಾರರು.

“ಹಲಗೆ ಬಿಟ್ಟು ಬೇರೇನಾದ್ರೂ ಇಟ್ಟು ನೋಡ್ರಿ,” ಅಂದೆ.

“ನಾನು ಎಷ್ಟು ನಾಯಿ ತಿದ್ದೀನಿ ಗೊತ್ತೇನಮ್ಮ?”

“ಅದ್ರಾಗ ಎಷ್ಟು ನಾಯಿ ನಿಮ್ಮನ್ನ ತಿದ್ದಿದ್ವು?”

ದೊಡ್ಡಪ್ಪ ಕೆಮ್ಮಿದರು. ಎರಡನೆಯ ಭಾನುವಾರವೂ ಅದೇ ಹಲಗೆ, ಅದೇ ಬೈಗುಳ.

ಆ ದಿನ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಣ್ಣಿಗೆ ಬಿತ್ತು. ನಾಯಿ ಹೊಸ್ತಿಲ ಹೊರಗೆ ಮುಂಗಾಲು ಜೋಡಿಸಿ ಕೂತಿತ್ತು. ಮರಿಯಾಗಿದ್ದಾಗಿನಿಂದ ಅವ್ವ ಅದಕ್ಕೆ ಕಲಿಸಿದ್ದು ಅದೊಂದೇ: ವರಾಂಡ ನಿನ್ನದು, ಹೊಸ್ತಿಲು ದಾಟಬಾರದು. ದಾಟಲು ಬಂದರೆ ಹೊಸ್ತಿಲನ್ನು ಲಟ್ಟಣಿಗೆಯಿಂದ ಕುಟ್ಟಿ “ಅಲ್ಲೇ” ಅನ್ನುತ್ತಿದ್ದಳು. ಕೂತರೆ ರೊಟ್ಟಿ ಹಾಕುತ್ತಿದ್ದಳು. ಎರಡು ವರ್ಷ, ದಿನಕ್ಕೆರಡು ಹೊತ್ತು. ಹಿತ್ತಿಲಲ್ಲಿ ಹಲಗೆಯೊಂದನ್ನು ಅಡ್ಡ ಹಾಕಿ ಪರೀಕ್ಷಿಸಿದೆ. ಕೂತಿತು. ಎಷ್ಟು ಕರೆದರೂ ನನ್ನತ್ತ ನೋಡದೆ ಅಡುಗೆಮನೆಯ ಕಿಟಕಿಯತ್ತ ನೋಡಿತು. ಆ ಬಯಲಲ್ಲಿ ಪಾಠ ಕಲಿತು ಬಂದಿದ್ದ ಪ್ರಾಣಿ ಅದೊಂದೇ. ಕಲಿಸಲು ನಿಂತವರು ಅದನ್ನು ದಡ್ಡ ಎನ್ನುತ್ತಿದ್ದರು.

“ನೀನು ಕರದ್ರೆ ದಾಟ್ತೈತೆ ಅವ್ವಾ,” ಅಂದೆ.

“ಒಂದ್ಸಲ ದಾಟ್ತು ಅಂದ್ರ ಮುಗೀತು. ನಾಳೆ ದೇವ್ರ ಜಗಲಿಗೇ ಬರ್ತೈತೆ.”

“ಬರದಂಗೆ ನಾ ನೋಡ್ಕಂತೀನಿ.”

“ನಿನ್ನ ಮಾತಿಗೇನು ಬಿಡು. ಸ್ಟೇಜಿನ ಮ್ಯಾಲೆ ಆ ಕಡಿಗೂ ಮಾತಾಡ್ತಿ, ಈ ಕಡಿಗೂ ಮಾತಾಡ್ತಿ.”

ವಾದ ಬಿಟ್ಟೆ. ಹರಿಹರದ ದೇವಸ್ಥಾನಕ್ಕೂ ಹೋಗಿ ಬರೋಣ ಎಂದು ಪುಸಲಾಯಿಸಿದೆ. ಮೂರನೆಯ ಭಾನುವಾರ ಅವ್ವ ದೊಡ್ಡಪ್ಪನ ಅಂಗಡಿಯ ವ್ಯಾನು ಹತ್ತಿದಳು.

ಹಲಗೆಯ ಆಚೆ ಅವಳನ್ನು ನಿಲ್ಲಿಸಿದೆ. ತರಬೇತುದಾರರು ಮೀಸೆಯಲ್ಲೇ ನಕ್ಕು “ಕರೀರಿ ತಾಯಿ” ಅಂದರು. ನಾಯಿ ಓಡಿಬಂದು ಹಲಗೆಯ ಮುಂದೆ ಕೂತು ಅವ್ವನ ಮುಖವನ್ನೇ ನೋಡಿತು. ಬಾಲ ನೆಲದ ಮಣ್ಣನ್ನು ಗುಡಿಸುತ್ತಿತ್ತು. ಅವ್ವ ಸೆರಗನ್ನು ಬಿಗಿಯಾಗಿ ಹೊದ್ದು ನಿಂತೇ ಇದ್ದಳು. ತುಟಿ ಅಲುಗಿದಂತೆ ಕಂಡಿತು. ದನಿ ಬರಲಿಲ್ಲ.

“ಇಷ್ಟೇ ನೋಡು, ಲಾಯರಮ್ಮ,” ಎಂದು ದೊಡ್ಡಪ್ಪ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡರು. ವ್ಯಾನು ಮಿಲ್ಲಿನ ಮುಂದೆ ನಿಂತಾಗ ನಾಯಿಯೊಂದೇ ಉಮೇದಿನಿಂದ ಇಳಿಯಿತು.

ದೊಡ್ಡಪ್ಪನ ಕತೆಯನ್ನು ಯಾವ ಮದುವೆಮನೆಯಲ್ಲಿ ಬೇಕಾದರೂ ಎರಡು ನಿಮಿಷದಲ್ಲಿ ಮುರಿಯಬಲ್ಲೆ. ಮುರಿಯದೆ ಬಿಟ್ಟಿರುವುದು ಅದರ ಮುಂದಿನ ಪ್ರಶ್ನೆಗೆ ಹೆದರಿ. ಭಾವನವರ ಎದುರು, ಪರ ಗಂಡಸರ ಎದುರು, ಬಯಲಲ್ಲಿ ದನಿಯೆತ್ತಿ ನಾಯಿ ಕರೆಯುವುದು ಹೇಗೆಂದು ಅವ್ವ ಸಂಕೋಚಪಟ್ಟಳು ಎಂದು ವಾದಿಸಬಹುದು. ಆದರೆ ದೊಡ್ಡಪ್ಪನೆದುರೇ ತರಕಾರಿಯವನ ಜೊತೆ ಬೀದಿಗೆ ಕೇಳುವಂತೆ ಜಗಳ ಆಡಿದವಳು ಅವಳು. ಮನೆಯ ಹೊಸ್ತಿಲ ಚಿಂತೆ ಎನ್ನಬಹುದು. ಹಾಗಿದ್ದರೆ ಅಷ್ಟು ದೂರ ಬಂದು ನಿಂತದ್ದಾದರೂ ಯಾಕೆ?

ಅವ್ವಾ, ಅದು ಮಿಲ್ಲಿಗೆ ಹೋಗುತ್ತದೆ ಎಂದು ನಿನಗೂ ಗೊತ್ತಿತ್ತು. ಒಂದು ‘ಬಾ’ ಅನ್ನಲು ನಿನಗೆ ಏನು ಅಡ್ಡ ಬಂತು?