ಎರಡೂ ಸರ್ವರ್‌ಗಳಿಂದ ಅಳಿಸಿಹೋದ ದನಿಗಳು

ರಾಯದುರ್ಗದ ನಮ್ಮ ಮನೆಯಲ್ಲಿ ಕೂತು ನಾನು ಎಲ್ಲೋ ದೂರದಲ್ಲಿರುವ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಆ ಯಂತ್ರಗಳನ್ನು ಕಣ್ಣಾರೆ ಕಂಡಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅವು ಹೇಳಿದಷ್ಟನ್ನು ಮಾಡುತ್ತವೆ, ಯಾಕೆಂದು ಕೇಳುವುದಿಲ್ಲ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಊರೂರು ತಿರುಗಿ ಹಳಬರ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಅವರ ಹೆಂಡತಿ ಹೇಮಾವತಿ ಹತ್ತಿರದ ಹಳ್ಳಿಯವರು. ಗಂಡನ ರಾಯದುರ್ಗದ ಮಾತನ್ನು ಅಣಕಿಸುತ್ತಾ, ತವರಿನ ಸುದ್ದಿ ಹೇಳುತ್ತಾ, ಅವರೂ ಆ ಫೋನಿನ ಮುಂದೆ ಅರ್ಧ ಗಂಟೆ ಮಾತಾಡಿದ್ದರು. ಮರುವರ್ಷ ತೀರಿಕೊಂಡರು.

ಅವೆಲ್ಲವನ್ನೂ ಇಡಲು ನಾನೇ ಎರಡು ಸರ್ವರ್ ಮಾಡಿಕೊಟ್ಟೆ. ಒಂದರಲ್ಲಿ ರೆಕಾರ್ಡಿಂಗ್‌ಗಳು, ಇನ್ನೊಂದರಲ್ಲಿ ಅವುಗಳ ನಕಲು. ಫೋನ್ ತುಂಬಿದೆಯೆಂದು ಮೇಷ್ಟ್ರು ಒದ್ದಾಡುತ್ತಿದ್ದಾಗ, "ಅಳಿಸಿಬಿಡ್ರಿ ಸರ್, ನನ್ನ ಹತ್ರ ಎರಡು ಕಡೆ ಅದಾವ" ಎಂದೆ. ಅವರು ನಂಬಿ ಅಳಿಸಿದರು.

ಒಂದು ಮಧ್ಯಾಹ್ನ ಎರಡೂ ಸರ್ವರ್‌ಗಳಲ್ಲಿ ಬೇಡದ ಫೈಲುಗಳು ತುಂಬಿಕೊಂಡಿದ್ದವು. ಒಂದೊಂದಕ್ಕೇ ಹೋಗುವುದು ಬೇಸರವೆಂದು, ಎರಡಕ್ಕೂ ಒಟ್ಟಿಗೆ ಒಂದೇ ಕಮಾಂಡ್ ಕಳಿಸಿದೆ. ಅಳಿಸಬೇಕಾದ ಒಳಗಿನ ಫೋಲ್ಡರ್‌ನ ಹೆಸರು ಕೊನೆಯಲ್ಲಿ ಬರಬೇಕಿತ್ತು. ಬರೆಯಲು ಮರೆತಿದ್ದೆ; ಅದಿಲ್ಲದಿದ್ದರೆ ಆ ಕಮಾಂಡ್ ಹೊರಗಿನ ಫೋಲ್ಡರನ್ನೇ ಪೂರ್ತಿ ಅಳಿಸುತ್ತದೆ. ಯಾವ ದೂರೂ ಇಲ್ಲದೆ ಕೆಲಸ ಮುಗಿಯಿತು. ಜಾಗ ಎಷ್ಟು ಉಳಿದಿದೆಯೆಂದು ನೋಡಿದಾಗ ಹೆಚ್ಚುಕಡಿಮೆ ಪೂರ್ತಿ ಖಾಲಿ. ರೆಕಾರ್ಡಿಂಗ್ ಇದ್ದ ಫೋಲ್ಡರ್ ಎರಡರಲ್ಲೂ ಇರಲಿಲ್ಲ. ಸಂಜೆಯವರೆಗೂ ನನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದೆ; ಸರ್ವರ್ ಕೊಟ್ಟ ಕಂಪನಿಯವರನ್ನೂ ಕೇಳಿದೆ. ಬೇರೆ ನಕಲು ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಒಲೆಯ ಮೇಲೆ ಚಹಾ ಇಟ್ಟಿದ್ದರು.

"ಏನವ್ವ, ಮುಖ ಯಾಕ ಹಿಂಗಾಗೇತಿ?"

"ಸರ್, ರೆಕಾರ್ಡಿಂಗ್ ಎಲ್ಲಾ ಹೋದ್ವು ರೀ. ನಾನೇ ಅಳಿಸಿಬಿಟ್ಟೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. "ಇನ್ನೊಂದರಾಗ ಐತಲ್ಲ?"

"ಅದರಾಗೂ ಇಲ್ರಿ."

"ಆಕೀದು?"

ಅದೂ ಇಲ್ಲವೆಂದು ತಲೆಯಾಡಿಸಿದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವರು ಗ್ಯಾಸ್ ಆರಿಸಿ, ಬಟ್ಟೆ ತಗೊಂಡು ಬಹಳ ಹೊತ್ತು ಅಡುಗೆಕಟ್ಟೆಯ ಕಲ್ಲು ಒರೆಸಿದರು. ಬೈಯಲಿ ಎಂದು ಕಾದೆ. "ನೀ ಬೇಕಂತ ಮಾಡಿಲ್ಲ ಬಿಡು" ಎಂದರು, ನನ್ನ ಕಡೆ ತಿರುಗದೆ.

ಆಮೇಲೆ ರೆಕಾರ್ಡ್ ಮಾಡಿಸಿಕೊಂಡವರ ಮನೆಗಳಿಗೆ ಒಬ್ಬಳೇ ಹೋದೆ. ಕೆಲವರ ಮಕ್ಕಳ ಫೋನಿನಲ್ಲಿ ಮೇಷ್ಟ್ರು ಕಳಿಸಿದ್ದ ತುಣುಕುಗಳು ಉಳಿದಿದ್ದವು. ಅವನ್ನು ತಂದೆ. ಹಲವು ಮನೆಗಳಲ್ಲಿ ಆ ಹಿರಿಯರೇ ಇರಲಿಲ್ಲ. ರತ್ನಗಿರಿ ಎಂಬ ಹಳ್ಳಿಯ ಒಂದು ಮನೆಯಲ್ಲಿ ಸೊಸೆ ಬಾಗಿಲಲ್ಲೇ ನಿಂತು, "ನಮ್ಮತ್ತೆ ಮಾತು ನಿಮ್ಮತ್ರನೇ ಇತ್ತಲ್ಲಮ್ಮ, ಜ್ವಾಪಾನ ಮಾಡ್ತೀವಿ ಅಂದಿದ್ರು ಮೇಷ್ಟ್ರು" ಎಂದಳು. ಮೇಷ್ಟ್ರ ಹೆಂಡತಿಯ ದನಿ ಎಲ್ಲಿಯೂ ಸಿಗಲಿಲ್ಲ. ಅದನ್ನು ಅವರು ಯಾರಿಗೂ ಕಳಿಸಿರಲಿಲ್ಲ.

ಸಿಕ್ಕಷ್ಟನ್ನು ಪೆನ್‌ಡ್ರೈವ್‌ಗೆ ಹಾಕಿ ಮೇಷ್ಟ್ರಿಗೆ ಕೊಟ್ಟೆ. ತಗೊಂಡು ಜೇಬಿಗೆ ಹಾಕಿಕೊಂಡರು. ಕೇಳಿದರೋ ಇಲ್ಲವೋ ತಿಳಿಯದು. ಈಗ ಅವರು ಯಾವ ಊರಿಗೂ ಹೋಗುತ್ತಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಎದುರಾದರೆ "ಊಟ ಆತೇನವ್ವ" ಎಂದು ಕೇಳುತ್ತಾರೆ, ಆಯಿತೆನ್ನುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ.